ಮೂವತ್ತೊಂದನೆಯ ಸಾಲು

ಈ ಫ್ಯಾನು ಮೂರು ಸುತ್ತಿಗೊಮ್ಮೆ ಟಕ್ ಅನ್ನುತ್ತದೆ, ಎಣಿಸಿದರೆ ಇನ್ನೂ ಜೋರಾಗಿ ಅನ್ನುತ್ತದೆ, ಎಣಿಸಬಾರದು, ಹತ್ತೂವರೆಗೆ ಸಭಾಂಗಣದಲ್ಲಿ ನನ್ನ ಭಾಷಣ, ಮನಶ್ಶಾಸ್ತ್ರದ ಸಂಶೋಧನೆಯಲ್ಲಿ ಮುಚ್ಚುಮರೆ ಇರಬಾರದು ಎಂಬುದೇ ವಿಷಯ, ಅದಕ್ಕೂ ಮೊದಲು ನನ್ನ ಅಧ್ಯಯನದ ಪೂರ್ತಿ ಮಾಹಿತಿಯನ್ನು ಯಾರು ಬೇಕಾದರೂ ನೋಡುವಂತೆ ಜಾಲತಾಣಕ್ಕೆ ಏರಿಸುತ್ತೇನೆಂದು ಜಂಬದಿಂದ ಸಾರಿದವಳೂ ನಾನೇ, ಹೇಳೋದು ಆಚಾರ ತಿನ್ನೋದು ಬದನೆಕಾಯಿ — ಪರದೆಯ ಮೇಲೆ ಎರಡು ಕಡತ, ‘ಅಂತಿಮ’ದಲ್ಲಿ ಐವತ್ತೊಂದು ಜನ, ‘ಎಲ್ಲ’ದಲ್ಲಿ ಅರವತ್ತು. ಒಂಬತ್ತು ಜನ ಎಲ್ಲಿ ಹೋದ್ರು ಮೇಡಂ, ಮೊನ್ನೆ ನನ್ನ ವಿದ್ಯಾರ್ಥಿನಿ ಕೇಳಿದಳು, ಪ್ರಶ್ನಾರ್ಥಕ ಚಿಹ್ನೆಯ ಹಾಗೆ ಬಾಗಿ ಕೂರುತ್ತಾಳೆಂದು ಎಲ್ಲರೂ ಅವಳನ್ನು ಕೊಕ್ಕೆ ಅನ್ನುತ್ತೇವೆ, ಅವಳು ಸುಮ್ಮನೆ ಕೇಳಿದ್ದು, ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡವಳು ನಾನು, ಅವರಿಗೆ ಸೂಚನೆ ಅರ್ಥ ಆಗಿರ್ಲಿಲ್ಲ ಕಣೇ, ಎಂದು ಗದರಿಬಿಟ್ಟೆ.

ಹತ್ತು ನಿಮಿಷ ನಿಮ್ಮ ದುಃಖದ ಬಗ್ಗೆ ಬರೆಯಿರಿ, ದುಃಖ ಇಳಿಯುತ್ತದೆ, ಇಷ್ಟೇ ನನ್ನ ಸಂಶೋಧನೆ, ಇದರಿಂದಲೇ ಈ ಕೋಣೆ, ಬಾಗಿಲ ಮೇಲಿನ ಫಲಕ, ಆದರೆ ಆ ಒಂಬತ್ತು ಜನರನ್ನು ಸೇರಿಸಿದರೆ ಇಳಿಯುವುದಿಲ್ಲ, ನಾಲ್ಕು ಸಲ ನೋಡಿದ್ದೇನೆ, ಇಳಿಯುವುದೇ ಇಲ್ಲ — ನನ್ನ ತಂಗಿ, ಮಕ್ಕಳ ಆಸ್ಪತ್ರೆಯಲ್ಲಿ ನರ್ಸು, ಮಗು ಕಳೆದುಕೊಂಡ ತಾಯಂದಿರ ಕೈಗೆ ನನ್ನ ಮಾತು ನಂಬಿ ಬರೆಯಲು ಹಾಳೆ ಕೊಡುತ್ತಾಳೆ, ಅಕ್ಕಾ, ನಿನ್ನೆ ಒಬ್ಬಳು ಹಾಳೆ ಹರಿದು ನನ್ನ ಮುಖಕ್ಕೇ ಎಸೆದ್ಲು, ನಾನೇನಾದ್ರೂ ತಪ್ಪು ಮಾಡ್ತಿದೀನಾ, ಇಲ್ಲ ಕಣೇ, ಕೊಡ್ತಾ ಇರು, ಅಂದೆನಲ್ಲ, ನಾಲಿಗೆ ಹೇಗೆ ಹೊರಳಿತು. ‘ಎಲ್ಲ’ದಲ್ಲಿ ಮೂವತ್ತೊಂದನೆಯ ಸಾಲು, ಆ ದರ್ಜಿ ಹೆಂಗಸು, ಕೊರಳಪಟ್ಟಿಗೆ ಸೂಜಿ ಸಿಕ್ಕಿಸಿಕೊಂಡೇ ಬಂದಿದ್ದಳು, ಪೆನ್ಸಿಲು ನಾನೇ ಕೆತ್ತಿ ಕೊಟ್ಟಿದ್ದೆ, ಹತ್ತು ನಿಮಿಷವೂ ಖಾಲಿ ಹಾಳೆ ನೋಡುತ್ತ ಕೂತಳು, ಗಂಟೆ ಬಾರಿಸಿದಾಗ ಪೆನ್ಸಿಲನ್ನು ಹಾಳೆಯ ಮೇಲೆ ಅಡ್ಡಲಾಗಿ ಇಟ್ಟಳು, ಮೊನೆ ಸವೆದಿರಲಿಲ್ಲ. ಅರ್ಥ ಆಗ್ಲಿಲ್ವಾ ಅಮ್ಮಾ? ಅರ್ಥ ಆಯ್ತು ಮೇಡಂ, ಬರೆದ್ರೆ ಮಗ ಇಲ್ಲ ಅಂತ ನಾನೇ ಒಪ್ಕೊಂಡ ಹಾಗಾಗತ್ತೆ. ಖಾಲಿ ಹಾಳೆಯನ್ನೂ ಲೆಕ್ಕಕ್ಕೆ ಹಿಡಿಯಬೇಕು ಎಂಬ ನಿಯಮ ಶುರುವಿನಲ್ಲೇ ಬರೆದಿಟ್ಟಿದ್ದೆ, ನನ್ನದೇ ಸಹಿ ಇದೆ, ಆದರೂ ಫಲ ಬರಲಿಲ್ಲವೆಂದು ತಿಳಿದ ದಿನ ಅವಳ ಸಾಲಿನ ಮುಂದೆ ‘ಅರ್ಥವಾಗಿಲ್ಲ’ ಎಂದು ಬರೆದು ತೆಗೆದುಹಾಕಿದೆ, ಹಾಳೆ ಖಾಲಿ ಬಿಟ್ಟ ಉಳಿದ ಎಂಟು ಜನರ ಮುಂದೆಯೂ ಅದನ್ನೇ, ಅರ್ಥವಾಗಿಲ್ಲ, ಅರ್ಥವಾಗಿಲ್ಲ, ಆಗದಿದ್ದದ್ದು ಯಾರಿಗೆ.

ಬಾಗಿಲು ತಟ್ಟುತ್ತಿದ್ದಾಳೆ ಕೊಕ್ಕೆ, ಮೇಡಂ, ಎಲ್ರೂ ಬಂದು ಕೂತಿದಾರೆ, ಬಂದೆ ಬಂದೆ, ಹೆದರಿಕೆ, ನಾಚಿಕೆಗಿಂತ ಹೆಚ್ಚು ಹೆದರಿಕೆಯೇ, ಫಲಕ ಹೋಗುತ್ತದೆ, ಹೋಗಲಿ, ಇಲ್ಲ, ಹೋಗಬಾರದು — ‘ಅರ್ಥವಾಗಿಲ್ಲ’ ಅಳಿಸಿದೆ, ‘ಅರ್ಥವಾಗಿದೆ, ಬರೆಯಲಿಲ್ಲ’ ಎಂದು ಹಾಕಿದೆ, ಒಂಬತ್ತು ಸಲ, ‘ಎಲ್ಲ’ವನ್ನು ಆರಿಸಿ ‘ಏರಿಸು’ ಒತ್ತಿದೆ, ಹಸಿರು ಪಟ್ಟಿ ತೆವಳಿತು, ಟಕ್, ತುಂಬಿತು, ಇನ್ನು ಯಾರು ಬೇಕಾದರೂ ನೋಡಬಹುದು, ಆದರೆ ತಂಗಿಗೆ ನಾನೇ ಮೊದಲು ಹೇಳಬೇಕು, ಹಾಳೆ ಕೊಡಬೇಡ ಕಣೇ, ತಪ್ಪು ನನ್ನದು, ಎರಡೇ ಸಾಲು, ಹತ್ತು ನಿಮಿಷವೂ ಬೇಡ, ಫೋನು ಕೈಯಲ್ಲಿದೆ, ಅವಳ ಹೆಸರು ತೆರೆದಿದೆ, ಬರೆಯುವುದೇನೆಂದು ಗೊತ್ತು, ಚೆನ್ನಾಗಿ ಗೊತ್ತು, ಬೆರಳು ಏಳುತ್ತಿಲ್ಲ, ಟಕ್, ಖಾಲಿ ಪರದೆ, ಖಾಲಿ ಹಾಳೆ, ಅಡ್ಡಲಾಗಿ ಇಟ್ಟ ಪೆನ್ಸಿಲು, ಅದರ ಸವೆಯದ ಮೊನೆ