ಗುಣವಾದ ಮೂವತ್ತೊಂದು ಜನ

ಸ್ವಲ್ಪ ನಿಲ್ಲಿ, ಇದನ್ನು ಕೇಳಿಕೊಂಡು ಹೋಗಿ. ಆಮೇಲೆ ನನಗೆ ಬೈಯುವುದಿದ್ದರೆ ಬೈಯಿರಿ. ಆದರೆ ಪೂರ್ತಿ ಕೇಳಿ.

ನಾನು ಮಾತ್ರೆ ಹಂಚುವವಳು. ಟಿಬಿ ಇರುವವರ ಮನೆಗೆ ದಿನಾ ಬೆಳಿಗ್ಗೆ ಹೋಗಬೇಕು, ಕಣ್ಣೆದುರೇ ಮಾತ್ರೆ ನುಂಗಿಸಬೇಕು, ಬಾಯಿ ತೆಗೆಸಿ, ನಾಲಿಗೆ ಎತ್ತಿಸಿ ನೋಡಿ, ಆಮೇಲೆ ಕಾರ್ಡಿನಲ್ಲಿ ಗುರುತು ಹಾಕಬೇಕು. ನಾಲಿಗೆ ನೋಡದೆ ಗುರುತಿಲ್ಲ. ಕೆಲವರು ಮಾತ್ರೆಯನ್ನು ಕೆನ್ನೆಯಲ್ಲಿ ಅವಿತಿಟ್ಟು ನಾನು ಬೆನ್ನು ತಿರುಗಿಸಿದ ಕೂಡಲೇ ಉಗಿಯುತ್ತಾರೆ. ಖಾಲಿ ಹೊಟ್ಟೆ ತೊಳಸುತ್ತದೆ, ಅವರನ್ನೇನು ಅನ್ನುವುದು.

ನನ್ನ ಪಾಲಿನ ಬೀದಿಗಳಲ್ಲಿ ಅಂಥವರು ಮೂವತ್ತೊಂದು ಜನ. ಇಸ್ತ್ರಿ ಅಣ್ಣ ಅವರಲ್ಲೊಬ್ಬ. ಮೆಟ್ಟಿಲ ಕೆಳಗಿನ ಗೂಡಿನಲ್ಲಿ ಅವನ ಮೇಜು, ಕೆಂಡದ ಪೆಟ್ಟಿಗೆ, ಯಾರ್ಯಾರದೋ ಅಂಗಿಗಳು. ಅವನ ಹೆಂಡತಿ, ಅಂದರೆ ನನ್ನ ಬಾಯಲ್ಲಿ ಅತ್ತಿಗೆ, ಎರಡು ವರ್ಷದ ಮಗಳು ಮಲಗುವುದೂ ಅದೇ ಮೇಜಿನ ಕೆಳಗೆ. ಮೊದಲ ಸಲ ನೋಡಿದಾಗ ಒಂದು ಅಂಗಿ ಮುಗಿಸುವಷ್ಟರಲ್ಲಿ ಮೂರು ಸಲ ಕೂತಿದ್ದ. ಎರಡೂವರೆ ತಿಂಗಳು ಮಾತ್ರೆ ನುಂಗಿದ ಮೇಲೆ ನಿಂತ ಕಾಲಲ್ಲೇ ಹನ್ನೆರಡು ಅಂಗಿ ಮುಗಿಸುತ್ತಿದ್ದ. ಕಫದ ಪರೀಕ್ಷೆಯಲ್ಲಿ ರೋಗಾಣು ಕಾಣಲಿಲ್ಲ. ದಿನಾ ನಾಲಿಗೆ ಚಾಚಿ, "ಪಾಸಾದ್ನಾ ಟೀಚರ್?" ಅನ್ನುತ್ತಿದ್ದ.

"ಉದ್ದ ಇದೆ ಅಂತ ಎಲ್ರಿಗೂ ಗೊತ್ತು, ಒಳಗಿಟ್ಕೊ" ಎಂದು ಅತ್ತಿಗೆ ನಗುತ್ತಿದ್ದಳು.

ಆದರೆ ಆರು ತಿಂಗಳು ಮುಗಿಸಲೇಬೇಕು. ನಡುವೆ ಬಿಟ್ಟರೆ ಕಾಯಿಲೆ ಮತ್ತೆ ತಲೆ ಎತ್ತುತ್ತದೆ, ಆಗ ಇದೇ ಮಾತ್ರೆಗೆ ಜಗ್ಗದೆ ಹೋಗಬಹುದು. ಇದನ್ನು ನನಗೆ ಕಲಿಸಿದ್ದೇ ನಮ್ಮ ಮೇಲ್ವಿಚಾರಕರು.

ಅಷ್ಟರಲ್ಲಿ ಆದೇಶ ಬಂತು. ಟಿಬಿ ಕೆಲಸ ಇನ್ನು ಆರೋಗ್ಯ ಇಲಾಖೆಯದಲ್ಲ, ನಗರಸಭೆಯದು. ಬೋರ್ಡು ತಾನೇ ಬದಲಾಗುವುದು, ಮಾತ್ರೆ ಅದೇ ಅಂದುಕೊಂಡೆ.

ಮೇಲ್ವಿಚಾರಕರು ಕಾರ್ಡುಗಳ ಕಟ್ಟು ನನ್ನ ಮುಂದಿಟ್ಟು, ಎಲ್ಲದರ ಮೇಲೂ 'ಗುಣವಾಗಿದೆ' ಎಂದು ಬರೆ ಅಂದರು. ಬಾಕಿ ರೋಗಿಗಳನ್ನು ತೋರಿಸಿದರೆ ಹಸ್ತಾಂತರ ನಿಲ್ಲುತ್ತದಂತೆ, ಮೇಲಿನವರು ವಿವರಣೆ ಕೇಳುತ್ತಾರಂತೆ. ಹೊಸಬರು ಹೊಸ ಕಾರ್ಡು ಮಾಡಿಕೊಳ್ಳುತ್ತಾರೆ, ನಿನಗ್ಯಾಕೆ ಚಿಂತೆ ಅಂದರು. ನಾನು ಬರೆದೆ. ಮೂವತ್ತೊಂದು ಸಲ, ನನ್ನದೇ ಅಕ್ಷರ. ಈಗಲೂ ಈ ಬೆರಳು ನೋಡಿದರೆ ನನಗೇ ಅಸಹ್ಯ.

ಮಾರನೇ ದಿನ ಎರಡೂ ಕಡೆಯವರು ನಮ್ಮ ಟಿಬಿ ಕೇಂದ್ರಕ್ಕೆ ಬಂದು ಸಾಮಾನು ಎಣಿಸಿದರು. ಕುರ್ಚಿ ನಾಲ್ಕು, ತೂಕದ ಯಂತ್ರ ಒಂದು, ಮುರಿದ ಸ್ಟೂಲು ಒಂದು. ಮುರಿದದ್ದು ಯಾರ ಲೆಕ್ಕಕ್ಕೆ ಎಂದು ಅರ್ಧ ಗಂಟೆ ಜಗಳ. ಮನುಷ್ಯರನ್ನು ಯಾರೂ ಎಣಿಸಲಿಲ್ಲ. ಕೊನೆಗೆ ಮಾತ್ರೆಯ ಬೀರುವಿಗೆ ಬೀಗ ಹಾಕಿ, ಕಾಗದ ಅಂಟಿಸಿ, ಎರಡು ಮೊಹರು ಒತ್ತಿದರು. ತಪಾಸಣೆ ಸಮಿತಿ ಬರುವ ತನಕ ಮುಟ್ಟುವ ಹಾಗಿಲ್ಲ. ಸಮಿತಿಯಲ್ಲಿ ಯಾರಿರಬೇಕೆಂದೇ ಇನ್ನೂ ತೀರ್ಮಾನವಾಗಿರಲಿಲ್ಲ. ಆ ಬೀಗಕ್ಕೆ ಇನ್ನೊಂದು ಬೀಗದಕೈ ಇತ್ತು, ನನ್ನ ಚೀಲದಲ್ಲಿ. ಅವರ ಪಟ್ಟಿಯಲ್ಲಿ ಅದು ಇರಲಿಲ್ಲ, ಯಾರೂ ಕೇಳಲೂ ಇಲ್ಲ.

ನಾಲ್ಕನೇ ದಿನ ಇಸ್ತ್ರಿ ಅಣ್ಣನನ್ನು ನಗರಸಭೆಗೆ ಕರೆದುಕೊಂಡು ಹೋದೆ. ಹೊಸ ಅಧಿಕಾರಿ ಟೀಯಲ್ಲಿ ಬಿಸ್ಕತ್ತು ಅದ್ದುತ್ತ ಕಾರ್ಡು ನೋಡಿದ.

"ಗುಣವಾಗಿದೆ ಅಂತಿದೆಯಲ್ಲಪ್ಪ."

"ಇನ್ನೂ ಮೂರೂವರೆ ತಿಂಗಳ ಮಾತ್ರೆ ಬಾಕಿ ಇದೆ ಸಾರ್" ಅಂದೆ.

"ಹಾಗಾದ್ರೆ ಹೊಸ ರೋಗಿ ಅಂತ ಸೇರಿಸ್ಬೇಕು. ಕಫದಲ್ಲಿ ರೋಗಾಣು ಇದೆ ಅಂತ ರಿಪೋರ್ಟ್ ತಗೊಂಡ್ಬಾ."

"ಈಗ ಇಲ್ಲ ಸಾರ್. ಮಾತ್ರೆ ನುಂಗಿದ್ನಲ್ಲ" ಅಂದ ಅಣ್ಣ.

"ಇದ್ದಾಗ ಬಾ."

ಬಿಸ್ಕತ್ತು ಮುರಿದು ಟೀಯೊಳಗೆ ಬಿತ್ತು. ಅದನ್ನು ಬೆರಳಲ್ಲಿ ತಡಕುತ್ತ ಅವನು ನಮ್ಮನ್ನು ಮರೆತೇಬಿಟ್ಟ.

ಹಳೇ ಕಚೇರಿಯಲ್ಲಿ ಮೇಲ್ವಿಚಾರಕರು, ಅದೀಗ ನಮ್ಮದಲ್ಲಮ್ಮ ಅಂದರು. ದಾರಿಯಲ್ಲಿ ಅಣ್ಣ ಕಾರ್ಡು ತಿರುಗಿಸಿ ಮುರುಗಿಸಿ ನೋಡಿದ. ಅವನಿಗೆ ಓದು ಬಾರದು.

"ಇದನ್ನ ಬರೆದೋರು ಯಾರು ತಂಗಿ?"

ನಾನೇ ಅಂದೆ. ಅವನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಹನ್ನೊಂದನೇ ದಿನ ಹೋದಾಗ ಅವನು ಮೇಜಿಗೆ ಒರಗಿ ಕೂತು ಕೆಮ್ಮುತ್ತಿದ್ದ. ಅರ್ಧ ಇಸ್ತ್ರಿಯಾದ ಅಂಗಿ ಹಾಗೇ ಬಿದ್ದಿತ್ತು. ಅತ್ತಿಗೆ ಮಗಳ ಹಾಸಿಗೆಯನ್ನು ಮೇಜಿನ ಆ ತುದಿಗೆ ಎಳೆದಿದ್ದಳು. ಆ ತುದಿ ಅಂದರೆ ಎರಡು ಮೊಳ. ಅತ್ತಿಗೆ ನನ್ನ ಮುಖ ನೋಡಲಿಲ್ಲ.

ನಾನು ನೇರ ಕೇಂದ್ರಕ್ಕೆ ಹೋದೆ. ಬೀಗದಕೈ ತೆಗೆದೆ, ಕಾಗದ ಹರಿದೆ. ಮಧ್ಯಾಹ್ನದೊಳಗೆ ಇದ್ದಬದ್ದ ಮಾತ್ರೆಯೆಲ್ಲ ಮೂವತ್ತೊಂದು ಮನೆ ಸೇರಿತು.

ಎರಡು ದಿನಕ್ಕೆ ವಿಚಾರಣೆ. ಅದೇ ಕೇಂದ್ರದ ಕೋಣೆ, ಅದೇ ನಾಲ್ಕು ಕುರ್ಚಿ. ಮುರಿದ ಸ್ಟೂಲಿನ ವಿಷಯದಲ್ಲಿ ಒಮ್ಮತಕ್ಕೆ ಬಾರದ ಎರಡು ಇಲಾಖೆ ಅವತ್ತು ಒಂದೇ ಬಾಯಲ್ಲಿ ಮಾತಾಡಿದವು. ಮಾತ್ರೆ ತೇವ ಹಿಡಿದು ಹಾಳಾಗಿತ್ತು, ಎಸೆದೆ ಎಂದು ಬರೆದುಕೊಟ್ಟರೆ ಕೆಲಸ ಉಳಿಯುತ್ತದೆ ಅಂದರು. ಹಂಚಿದೆ ಅಂದರೆ ಕಳ್ಳತನ.

"ದಾಖಲೆ ಪ್ರಕಾರ ಒಬ್ಬ ರೋಗೀನೂ ಇಲ್ಲ" ಅಂದರು ಮೇಲ್ವಿಚಾರಕರು. "ಮತ್ತೆ ಯಾರಿಗಮ್ಮ ಹಂಚಿದ್ದು?"

ಆಗ ಕಿಟಕಿಯ ಆಚೆ ಕೆಮ್ಮು ಕೇಳಿಸಿತು. ಒಂದಲ್ಲ, ಹಲವು. ಮೂವತ್ತೊಂದು ಜನವೂ ಬಂದಿದ್ದರು, ಬಾಯಿಗೆ ಬಟ್ಟೆ ಕಟ್ಟಿಕೊಂಡು. ಎಲ್ಲರಿಗೂ ಹೇಳಿ ಕರೆತಂದವಳು ಅತ್ತಿಗೆ. ಇಸ್ತ್ರಿ ಅಣ್ಣ ಬಟ್ಟೆ ಸರಿಸಿ, ಮಾತ್ರೆ ಬಾಯಿಗೆ ಹಾಕಿ, ನೀರು ಕುಡಿದ. ಕಿಟಕಿಗೆ ಬಂದು ಅಧಿಕಾರಿಗಳ ಕಡೆಗೆ ಇಡೀ ನಾಲಿಗೆ ಚಾಚಿದ.

"ನುಂಗಿದೀನಿ ಸಾರ್. ಗುರುತು ಹಾಕ್ಕೊಳ್ಳಿ."

ಅವನ ಹಿಂದೆ ಇನ್ನೊಬ್ಬರು. ಅವರ ಹಿಂದೆ ಮತ್ತೊಬ್ಬರು. ಹೊಸ ಅಧಿಕಾರಿ ಕರವಸ್ತ್ರದಿಂದ ಮೂಗು ಮುಚ್ಚಿಕೊಂಡ. ಗುಣವಾದವರ ಮುಂದೆ ಮೂಗು ಯಾಕೆ ಮುಚ್ಚಬೇಕಿತ್ತೋ.

ನಾನು ಕಾಗದ ಎಳೆದುಕೊಂಡು ಮೂವತ್ತೊಂದು ಹೆಸರು ಬರೆದೆ. ಕೆಳಗೆ, ಗುಣವಾಗಿದೆ ಎಂದು ಸುಳ್ಳು ಬರೆದದ್ದು ನಾನು, ಬರೆಸಿದ್ದು ನಮ್ಮ ಮೇಲ್ವಿಚಾರಕರು ಎಂದೂ ಬರೆದೆ.

ಈಗ ನನಗೆ ಕೆಲಸವಿಲ್ಲ, ಮೈಮೇಲೆ ಕಳ್ಳತನದ ಕೇಸಿದೆ. ಸಮಿತಿ ಇನ್ನೂ ಬಂದಿಲ್ಲ. ಆ ಮೂವತ್ತೊಂದು ಜನರ ಹತ್ತಿರ ಉಳಿದಿರುವುದು ಇಪ್ಪತ್ತು ದಿನದ ಮಾತ್ರೆ. ದಿನಾ ಬೆಳಿಗ್ಗೆ ಅವರೆಲ್ಲ ಅದೇ ಕಿಟಕಿಯ ಮುಂದೆ ನಿಂತು ನುಂಗುತ್ತಾರೆ, ನಾಲಿಗೆ ತೋರಿಸುತ್ತಾರೆ.

ಹೇಳಿ, ಆ ಬೀಗದಕೈ ನಿಮ್ಮ ಚೀಲದಲ್ಲಿ ಇದ್ದಿದ್ದರೆ ನೀವು ಏನು ಮಾಡುತ್ತಿದ್ದಿರಿ?