ಇಸ್ತ್ರಿಪೆಟ್ಟಿಗೆಯ ಕೆಂಪು ಚುಕ್ಕೆಗಳು

ಮೂವತ್ತು ವರ್ಷ ಮುಂದಿನ ಬೈಕು ಎಂದು ಕಂಪನಿ ಡಂಗುರ ಹೊಡೆದಿತ್ತು. ಇಂಜಿನ್ ಕಾಣದು, ಚೈನು ಕಾಣದು, ಮೂತಿಯಿಂದ ಬಾಲದವರೆಗೂ ಬೆಳ್ಳಿ ಬಣ್ಣದ ಮುಚ್ಚಳ. ಜನ ಮೊದಲು ಬಾಯಿಬಿಟ್ಟುಕೊಂಡು ನೋಡಿದರು, ಆಮೇಲೆ ಇಸ್ತ್ರಿಪೆಟ್ಟಿಗೆ ಎಂದು ಹೆಸರಿಟ್ಟರು. ನಾಲ್ಕೇ ವರ್ಷಕ್ಕೆ ತಯಾರಿಕೆ ನಿಂತಿತು.

ಅದನ್ನು ರೂಪಿಸಿದ ಪುಣ್ಯಾತ್ಮನಿಗೆ ರಿಪೇರಿ ಮಾಡುವವನ ನೆನಪೇ ಇರಲಿಲ್ಲ. ಬ್ರೇಕ್ ಕೇಬಲ್ ನೋಡಬೇಕೆಂದರೆ ಇಪ್ಪತ್ತಾರು ಸ್ಕ್ರೂ ಬಿಚ್ಚಬೇಕು. ಬಿಚ್ಚಿದರೆ ಮುಚ್ಚಳದ ಕಿವಿ ಲಟಕ್ಕನೆ ಮುರಿಯುತ್ತದೆ. ಹೊಸ ಮುಚ್ಚಳಕ್ಕೆ ಆರು ತಿಂಗಳು ಕಾಯಬೇಕು. ಹಾಗಾಗಿ ಸರ್ವಿಸ್ ಶೆಡ್ಡುಗಳಲ್ಲಿ ತೊಳೆದು, ಒರೆಸಿ, ಬ್ರೇಕ್ ನೋಡಿದ್ದೇವೆಂದು ಕಾರ್ಡಿಗೆ ಸೀಲು ಒತ್ತಿ ಕಳಿಸುತ್ತಿದ್ದರು. ಅಂಥದೊಂದು ಶೆಡ್ಡಿನ ಮೇಸ್ತ್ರಿಯೂ ಅದನ್ನೇ ಮಾಡಿದ. ಸ್ವಂತ ಅಳಿಯನ ಗಾಡಿಗೂ ನಾಲ್ಕು ಸಲ ಅದನ್ನೇ ಮಾಡಿದ.

ಅಳಿಯ ಇಳಿಜಾರಿನಲ್ಲಿ ಲಾರಿಯ ಹಿಂಬದಿಗೆ ಗುದ್ದಿ ಸತ್ತ. ವೇಗದ ಹುಚ್ಚು ಎಂದರು ಪೊಲೀಸರು. ಮೇಸ್ತ್ರಿ ತಲೆಯಾಡಿಸಿದ. ಕೇಬಲ್ ಸವೆದು ತುಂಡಾಗಿರಬೇಕೆಂದು ಅವನಿಗೆ ಅಂದೇ ಗೊತ್ತಿತ್ತು.

ಒಂಬತ್ತು ವರ್ಷದ ಮೇಲೆ ಮ್ಯೂಸಿಯಂನವರು ಅಳಿಯನ ಅದೇ ಗಾಡಿಯನ್ನು ಗುಜರಿಯಿಂದ ತಂದು, ಮುರಿಯದಂತೆ ಬಿಚ್ಚಿಕೊಡಿ ಎಂದು ಅವನನ್ನೇ ಕರೆದರು. ಆ ಮಾಡೆಲ್‌ನ ಚರಿತ್ರೆ ಬರೆದು ಪಕ್ಕದಲ್ಲಿ ತೂಗುಹಾಕುತ್ತಾರಂತೆ. ಮೇಸ್ತ್ರಿಗೆ ಮೊದಲು ನೆನಪಾದದ್ದು ಸ್ಕ್ರೂಗಳು. ಮದುವೆಗೆ ಮುಂಚೆ ಮಗಳು ಆ ಬೈಕು ತಯಾರಿಸುವ ಕಾರ್ಖಾನೆಯಲ್ಲೇ ಇದ್ದವಳು. ಬಿಗಿದ ಪ್ರತಿ ಸ್ಕ್ರೂ ಮೇಲೂ ಕೆಂಪು ಬಣ್ಣದ ಚುಕ್ಕೆ ಇಡುವುದೇ ಅವಳ ಕೆಲಸ. ಒಮ್ಮೆ ತಿರುಗಿಸಿದರೆ ಸಾಕು, ಚುಕ್ಕೆ ಒಡೆಯುತ್ತದೆ. ಅವಳ ಕಣ್ಣಿಗೆ ಬೀಳುವ ಮುಂಚೆ ಅವನ್ನು ಕೆರೆದುಹಾಕಬೇಕು. ಒಬ್ಬನೇ ಹೋಗಿಬರುತ್ತೇನೆಂದ. ಅವಳು ಕೇಳಬೇಕಲ್ಲ? ಆ ಹಾಳು ಗಾಡಿಗೆ ಉಗಿದು ಬರುತ್ತೇನೆಂದು ಬೆನ್ನು ಹತ್ತಿದಳು.

ಮ್ಯೂಸಿಯಂನಲ್ಲಿ, ಕನ್ನಡಕ ಹೊರಗೆ ಚೀಲದಲ್ಲಿದೆ, ತಾ ಎಂದು ಅವಳನ್ನು ಸಾಗಹಾಕಲು ನೋಡಿದ. ಕನ್ನಡಕ ಅವನ ಮೂಗಿನ ಮೇಲೇ ಇತ್ತು. ಮಗಳು ನಗುತ್ತ ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂತು, ಬೆರಳಿನಿಂದ ಸ್ಕ್ರೂಗಳ ಮೇಲಿನ ಧೂಳು ಒರೆಸಿದಳು. ಒಂದು ಚುಕ್ಕೆ, ಎರಡು, ಮೂರು. ಯಾವುದೂ ಒಡೆದಿರಲಿಲ್ಲ. ಎದ್ದುಹೋಗಿ, ಗಾಡಿಯ ಕಾಗದಗಳ ಜೊತೆ ಬಂದಿದ್ದ ಸರ್ವಿಸ್ ಕಾರ್ಡು ತೆರೆದಳು. ನಾಲ್ಕು ಸೀಲು, ನಾಲ್ಕಕ್ಕೂ ಅಪ್ಪನ ಸಹಿ.

"ಇದನ್ನ ಬಿಚ್ಚೇ ಇಲ್ಲ, ಅಪ್ಪ."

ಮೇಸ್ತ್ರಿ ಕನ್ನಡಕ ತೆಗೆದು ಒರೆಸತೊಡಗಿದ.

"ಒಂಬತ್ತು ವರ್ಷ ಅವರ ಫೋಟೋ ಮುಂದೆ ನಿಂತು ಬೈದಿದೀನಿ. ನಿಮ್ಮಪ್ಪ ಕೊಬ್ಬಿಂದ ಸತ್ತ ಅಂತ ಮಗೂಗೆ ಹೇಳ್ಕೊಟ್ಟಿದೀನಿ. ನೀನು ಎದುರಿಗೇ ಕೂತು ಊಟ ಮಾಡ್ತಿದ್ದೆ."

ಅವಳು ಅಳಲಿಲ್ಲ. ಅತ್ತಿದ್ದರೆ ಅವನಿಗೆ ಎಷ್ಟೋ ವಾಸಿಯಿತ್ತು. ಮ್ಯೂಸಿಯಂನವನನ್ನು ಕರೆದು, ಚರಿತ್ರೆ ಬರೆದುಕೊಳ್ಳಿ, ಇವರು ಹೇಳುತ್ತಾರೆ ಎಂದಳು. ಅವನು ಪೆನ್ನು ತೆಗೆದ. ಮೇಸ್ತ್ರಿ ಗಂಟಲು ಸರಿಮಾಡಿಕೊಂಡು, ಆ ಕಾಲದಲ್ಲಿ ಶೆಡ್ಡುಗಳಲ್ಲಿ ಎಲ್ಲರೂ... ಎಂದು ಶುರುಮಾಡಿದ.

"ಎಲ್ಲರೂ ಅಲ್ಲ," ಎಂದಳು ಮಗಳು. "'ನಾನು' ಅನ್ನು."

ಪೆನ್ನು ಹಿಡಿದವನು ಕಾಯುತ್ತಿದ್ದ. ಮೇಸ್ತ್ರಿ, ನಾನು ಎಂದು ಮತ್ತೆ ಮೊದಲಿನಿಂದ ಹೇಳತೊಡಗಿದ.