ಅಪ್ಪ ಮಗನ ಲೆಕ್ಕ

ಬೆಳಗಿನಿಂದ ಬಾಗಿಲಲ್ಲೇ ನಿಂತು ಮೇಷ್ಟರ ಹೆಂಡತಿ ಪಾಠಕ್ಕೆ ಬಂದವರನ್ನು ಹಿಂದಕ್ಕೆ ಕಳಿಸುತ್ತಿದ್ದರು. ಮೇಷ್ಟರು ನಸುಕಿನಲ್ಲಿ ನಿದ್ದೆಯಲ್ಲೇ ಹೋಗಿಬಿಟ್ಟರೆಂದು ಒಬ್ಬೊಬ್ಬರಿಗೂ ಹೇಳಿ ಹೇಳಿ ಅವರ ನಾಲಿಗೆ ಒಣಗಿತ್ತು.

ಆಸ್ಪತ್ರೆಯ ಆಯಾ ಮಾತ್ರ ಹಿಂದಿರುಗಲಿಲ್ಲ. ಮೇಷ್ಟರ ಕಾಲು ಮುಟ್ಟಿ ಅತ್ತು, ಗೋಡೆಗೊರಗಿ ಕೂತಳು. ಮಾರನೆಯ ದಿನ ಅವಳಿಗೆ ಹತ್ತನೆಯ ತರಗತಿಯ ಗಣಿತದ ಪರೀಕ್ಷೆ. ಆಗಲೇ ಎರಡು ಸಲ ಡುಮ್ಕಿ ಹೊಡೆದಿದ್ದಳು. ಈ ಸಲವೂ ಹೋದರೆ ಕೆಲಸ ಕಾಯಂ ಆಗುವ ಆಸೆಗೆ ಎಳ್ಳುನೀರು. ಕೊನೆಗೆ ಅಂಜುತ್ತಲೇ ಬಾಯಿಬಿಟ್ಟಳು.

"ಅಮ್ಮಾ, ಅಪ್ಪ ಮಗನ ವಯಸ್ಸಿನ ಲೆಕ್ಕ ಇವತ್ತು ಹೇಳಿಕೊಡ್ತೀನಿ ಅಂದಿದ್ರು. ಇನ್ನು ಯಾರನ್ನ ಕೇಳಲಿ?"

ಮೈದುನ ಸಿಡುಕಿದ. "ಹೆಣ ಇನ್ನೂ ಎತ್ತಿಲ್ಲ, ಇವಳಿಗೆ ಲೆಕ್ಕದ ಚಿಂತೆ."

"ಬೈಬೇಡಪ್ಪ. ನಿಮ್ಮಣ್ಣ ಇದ್ದಿದ್ರೆ ಮೊದಲು ಲೆಕ್ಕ, ಆಮೇಲೆ ಹೆಣ ಅಂತಿದ್ರು."

*

ಮದುವೆಯಾದ ಹೊಸದರಲ್ಲಿ ಅವರು ಅಡುಗೆಮನೆಯಿಂದಲೇ ಗಂಡನನ್ನು ಕೆಣಕಿದ್ದರು. "ನಿಮ್ಮ ಲೆಕ್ಕದ ಅಪ್ಪಂದಿರಿಗೆ ತಮ್ಮ ವಯಸ್ಸೇ ಗೊತ್ತಿರಲ್ವಾ? ಹೋಗಿ ಕೇಳಿದ್ರೆ ಆಯ್ತಲ್ಲ."

"ಕೇಳಿದ್ರೆ ಹೇಳಿಬಿಡ್ತಾರೆ ಕಣೇ. ಆಮೇಲೆ ನನಗೇನು ಕೆಲಸ?"

ಪಾಠಕ್ಕೆ ಬರುವ ಮಕ್ಕಳಿಗೆ ಮೇಷ್ಟರು ಹೇಳುತ್ತಿದ್ದುದು ಒಂದೇ: ಸಮೀಕರಣ ಬರೆಯುವ ಮೊದಲು ಆ ಜನರನ್ನು ಕಣ್ಣಮುಂದೆ ತಂದುಕೊಳ್ಳಿ. ಗಣಿತ ಬಾರದ ಹೆಂಡತಿಗೂ ಕೇಳಿ ಕೇಳಿ ಆ ಮಾತು ಬಾಯಿಪಾಠವಾಗಿತ್ತು.

*

ಇಬ್ಬರೂ ಅಡುಗೆಮನೆಯ ನೆಲದಲ್ಲಿ ಕೂತರು. ಅಪ್ಪನ ವಯಸ್ಸು ಮಗನ ಮೂರರಷ್ಟು. ಹನ್ನೆರಡು ವರ್ಷದ ಮೇಲೆ ಎರಡರಷ್ಟು. ಈಗ ಅವರ ವಯಸ್ಸೆಷ್ಟು? ಮಗನ ವಯಸ್ಸನ್ನು ಎಕ್ಸ್ ಎಂದಿಟ್ಟು ಆಯಾ ಬರೆದಳು: 3x = 2(x + 12). ಮಗನಿಗೆ ಇಪ್ಪತ್ತನಾಲ್ಕು, ಅಪ್ಪನಿಗೆ ಎಪ್ಪತ್ತೆರಡು ಬಂತು. ಎಷ್ಟು ಸಲ ನೋಡಿದರೂ ತಾಳೆಯಾಗಲಿಲ್ಲ.

ಮೇಷ್ಟರ ಹೆಂಡತಿಗೆ ಎಕ್ಸ್ ಅರ್ಥವಾಗದು. ಅಪ್ಪ ಮಗನನ್ನು ಕಣ್ಣಮುಂದೆ ತಂದುಕೊಂಡು ಕೇಳಿದರು.

"ಈ ಹನ್ನೆರಡು ವರ್ಷ ಯಾರಿಗೆ ಹಾಕಿದೀಯೆ?"

"ಮಗನಿಗೆ."

"ಮಗನಿಗೊಬ್ಬನಿಗೇ ವರ್ಷ ಆಗುತ್ತೇನಮ್ಮಾ? ಅಪ್ಪನಿಗೂ..." ಅವರ ಕಣ್ಣು ಮೇಷ್ಟರನ್ನು ಮಲಗಿಸಿದ್ದ ನಡುಮನೆಯತ್ತ ಹೋಯಿತು.

ಆಯಾ ತಲೆಯೆತ್ತದೆ ಅಪ್ಪನಿಗೂ ಹನ್ನೆರಡು ಕೂಡಿಸಿದಳು. ಮಗನಿಗೆ ಹನ್ನೆರಡು, ಅಪ್ಪನಿಗೆ ಮೂವತ್ತಾರು. ಹನ್ನೆರಡು ವರ್ಷದ ಮೇಲೆ ಇಪ್ಪತ್ತನಾಲ್ಕು, ನಲವತ್ತೆಂಟು. ತಾಳೆಯಾಯಿತು.

ಹೊತ್ತಾಯಿತೆಂದು ಹೊರಗಿನಿಂದ ಕರೆದರು. ಮೇಷ್ಟರ ಹೆಂಡತಿ ಗೋಡೆ ಹಿಡಿದು ಎದ್ದು, ಗಂಡನ ತಲೆಯ ಬಳಿ ನಿಂತು ಕೈಮುಗಿದರು. ಪಕ್ಕದಲ್ಲಿ ಆಯಾಳ ಕೈಗಳೂ ಸೇರಿಕೊಂಡವು, ಬೆರಳ ಸಂದಿಯಲ್ಲಿ ಪೆನ್ಸಿಲ್ ಹಾಗೇ ಇತ್ತು. ಮೇಷ್ಟರ ಹೆಂಡತಿ ಬೇಡಿಕೊಂಡರು.

"ದೇವರೇ, ತುಂಬ ದಣಿದು ಬರ್ತಿದ್ದಾರೆ. ನಿನ್ನ ಹತ್ತಿರ ನೆಮ್ಮದಿಯಾಗಿ ಮಲಗಿಸಿಕೋ ತಂದೆ."